ಕ್ಯಾಮೆರಾ ರಾ ಫುಟೇಜ್‌ನಿಂದ ಕಂಪ್‌ವರೆಗೆ: ಬಣ್ಣ ಕೆಡದಂತೆ ಪ್ಲೇಟ್ ತರುವುದು ಹೇಗೆ?

ಕಂಪ್ (ಬೇರೆಬೇರೆ ಚಿತ್ರಗಳನ್ನು ಒಂದೇ ಶಾಟ್ ಆಗಿ ಕೂಡಿಸುವ ಕೆಲಸ) ಮುಗಿಸಿ ಕಳಿಸಿದ ಶಾಟ್ "ಪಕ್ಕದ ಶಾಟ್ ಜೊತೆ ಬಣ್ಣ ಕೂರ್ತಿಲ್ಲ" ಅಂತ ಡಿಐನಿಂದ, ಅಂದರೆ ಸಿನಿಮಾದ ಕೊನೆಯ ಬಣ್ಣ ಹೊಂದಿಸುವವರಿಂದ, ವಾಪಸ್ ಬಂತು ಅಂದುಕೊಳ್ಳಿ. ಎಲ್ಲರೂ ಮೊದಲು ಅನುಮಾನ ಪಡುವುದು ಕೀ (ಹಸಿರು ಪರದೆ ತೆಗೆದದ್ದು) ಮೇಲೆ, ಸ್ಪಿಲ್ (ಪರದೆಯ ಬಣ್ಣ ನಟರ ಮೇಲೆ ಬಿದ್ದದ್ದು) ಮೇಲೆ, ಬಣ್ಣ ತಿದ್ದುವ ಗ್ರೇಡ್ ನೋಡ್ ಮೇಲೆ. ಆದರೆ ಬಹಳ ಸಲ ತಪ್ಪು ಆಗಿರುವುದು ಅದಕ್ಕಿಂತ ಮುಂಚೆ, ಫುಟೇಜನ್ನು (ಕಂಪ್‌ನಲ್ಲಿ ಇದಕ್ಕೇ ಪ್ಲೇಟ್ ಅನ್ನುವುದು) ಪ್ರಾಜೆಕ್ಟ್ ಒಳಗೆ ತಂದ ಮೊದಲ ನಿಮಿಷದಲ್ಲೇ.

ಫೈಲ್‌ನೊಳಗೆ ಇರುವುದು ಬರೀ ಸಂಖ್ಯೆ. ಆ ಸಂಖ್ಯೆ ಎಷ್ಟು ಬೆಳಕು, ಯಾವ ಕೆಂಪು ಅಂತ ಸಾಫ್ಟ್‌ವೇರ್‌ಗೆ ನಾವೇ ಹೇಳಬೇಕು. ಅಂಗಡಿಗೆ ಹೋಗಿ "ಅಕ್ಕಿ ಎರಡು ಕೊಡಿ" ಅಂದರೆ ಎರಡು ಕಿಲೋನಾ, ಎರಡು ಸೇರಾ ಅಂತ ಅವರು ಕೇಳುತ್ತಾರೆ. ಸಾಫ್ಟ್‌ವೇರ್ ಕೇಳುವುದಿಲ್ಲ. ತಾನೇ ಒಂದು ಊಹೆ ಮಾಡಿಕೊಂಡು ಮುಂದೆ ಹೋಗುತ್ತದೆ. ಆ ಊಹೆಗೆ ಜಾಗ ಕೊಡದೆ ಕೆಲಸ ಮಾಡುವುದು ಹೇಗೆ, ಮಾಡಿದ್ದು ಸರಿಯಿದೆಯಾ ಅಂತ ಅಳತೆ ಮಾಡಿ ನೋಡುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ನ್ಯೂಕ್ ಅನ್ನುವ ಕಂಪ್ ಸಾಫ್ಟ್‌ವೇರ್‌ನವು. ಫ್ಯೂಷನ್, ಆಫ್ಟರ್ ಎಫೆಕ್ಟ್ಸ್ ಬಗ್ಗೆ ಕೊನೆಯ ಕಡೆ ಹೇಳುತ್ತೇನೆ.

ಹೆಜ್ಜೆ 1: ಫುಟೇಜ್ ತೆರೆಯುವ ಮೊದಲು ಕೇಳಬೇಕಾದ್ದು

ಶೂಟಿಂಗ್ ಒಂದೂರಲ್ಲಿ, ಡಿಐ ಇನ್ನೊಂದೂರಲ್ಲಿ, ವಿಎಫ್‌ಎಕ್ಸ್ ಮತ್ತೊಂದೂರಲ್ಲಿ ನಡೆಯುವುದು ನಮ್ಮಲ್ಲಿ ಮಾಮೂಲಿ. ಹಾಗಾಗಿ ಮಾಹಿತಿ ದಾರಿಯಲ್ಲೇ ಕಳೆದುಹೋಗುತ್ತದೆ. ಹಾರ್ಡ್‌ಡಿಸ್ಕ್ ಕೈಗೆ ಬಂದ ದಿನವೇ ಇವಿಷ್ಟನ್ನು ಕೇಳಿ, ಬರಹದಲ್ಲಿ ತರಿಸಿಕೊಳ್ಳಿ: ಕ್ಯಾಮೆರಾ ಯಾವುದು, ಲಾಗ್ ಕರ್ವ್ (ಬೆಳಕನ್ನು ಸಂಖ್ಯೆಯಾಗಿ ಬರೆಯುವ ಸೂತ್ರ) ಯಾವುದು, ಗ್ಯಾಮಟ್ (ಆ ಸಂಖ್ಯೆಗಳ ಕೆಂಪು, ಹಸಿರು, ನೀಲಿ ನಿಜಕ್ಕೆ ಯಾವ ಬಣ್ಣ ಅನ್ನುವುದು) ಯಾವುದು, ಐಎಸ್‌ಓ ಮತ್ತು ಕೆಲ್ವಿನ್ ಎಷ್ಟು, ಸಿಡಿಎಲ್ ಅಥವಾ ಲಟ್ (ಬಣ್ಣ ತಿದ್ದಿದ ಲೆಕ್ಕ ಇರುವ ಫೈಲ್‌ಗಳು) ಇದೆಯಾ, ವಾಪಸ್ ಕಳಿಸಬೇಕಾದ್ದು ಯಾವ ಕಲರ್ ಸ್ಪೇಸ್‌ನಲ್ಲಿ. ಕಲರ್ ಚಾರ್ಟ್ ಅಥವಾ ಗ್ರೇ ಕಾರ್ಡ್ ಹಿಡಿದ ಫ್ರೇಮ್‌ಗಳಿದ್ದರೆ ಅದೇ ಸೆಟಪ್‌ನ ಪ್ಲೇಟ್ ಜೊತೆ ಕಳಿಸಿ ಅನ್ನಿ. ಈ ಫ್ರೇಮ್‌ಗಳಿಗಾಗಿ ಸ್ವಲ್ಪ ಹಟ ಹಿಡಿದರೂ ತಪ್ಪಿಲ್ಲ.

ಸಣ್ಣ ಫೈಲ್‌ಗಳನ್ನು ಮರೆಯಬೇಡಿ. ರೆಡ್ ಕ್ಯಾಮೆರಾದ ಕ್ಲಿಪ್ ಜೊತೆ ಆರ್‌ಎಂಡಿ ಫೈಲ್ ಇರಬಹುದು. ಬ್ಲ್ಯಾಕ್‌ಮ್ಯಾಜಿಕ್ ರಾ ಜೊತೆ ಸೈಡ್‌ಕಾರ್ ಫೈಲ್ ಇರಬಹುದು. ಯಾರೋ ಕೂತು ಬದಲಿಸಿದ ವೈಟ್ ಬ್ಯಾಲೆನ್ಸ್, ಐಎಸ್‌ಓ ಅದರೊಳಗಿರುತ್ತದೆ. ಕಾಪಿ ಮಾಡುವಾಗ ಅದು ಬಿಟ್ಟುಹೋದರೆ ಅದೇ ಕ್ಲಿಪ್ ನಿಮ್ಮ ಮೆಷಿನ್‌ನಲ್ಲಿ ಒಂದು ಥರ, ಅವರ ಮೆಷಿನ್‌ನಲ್ಲಿ ಇನ್ನೊಂದು ಥರ ತೆರೆಯುತ್ತದೆ.

ಹೆಜ್ಜೆ 2: ರಾ ಬಿಡಿಸುವ ಕೆಲಸ ಒಂದೇ ಕಡೆ ಆಗಲಿ

ಬೇಯರ್ ಸೆನ್ಸರ್‌ನ ಪ್ರತಿ ಬಿಂದು ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಬಿಂದುಗಳಿಂದ ಲೆಕ್ಕ ಹಾಕಿ ತುಂಬಬೇಕು. ಇದೇ ಡಿಬೇಯರ್. ವೈಟ್ ಬ್ಯಾಲೆನ್ಸ್, ಐಎಸ್‌ಓ, ಶಾರ್ಪ್‌ನೆಸ್, ಹೈಲೈಟ್ ರಿಕವರಿ ಎಲ್ಲ ನಿರ್ಧಾರವಾಗುವುದು ಇಲ್ಲೇ. ನ್ಯೂಕ್ ಕೂಡ ರೆಡ್, ಆ್ಯರಿ ರಾ ಫೈಲ್‌ಗಳನ್ನು ನೇರವಾಗಿ ತೆರೆಯುತ್ತದೆ. ಆದರೂ ಹತ್ತು ಜನ ಆರ್ಟಿಸ್ಟ್‌ಗಳು ಹತ್ತು ಸ್ಕ್ರಿಪ್ಟ್‌ನಲ್ಲಿ ಬೇರೆಬೇರೆಯಾಗಿ ರಾ ತೆರೆಯುವುದು ಒಳ್ಳೆಯ ಪದ್ಧತಿ ಅಲ್ಲ. ಒಬ್ಬರು ಅರ್ಧ ರೆಸಲ್ಯೂಷನ್‌ನಲ್ಲಿ ಡಿಬೇಯರ್ ಮಾಡಿರುತ್ತಾರೆ. ಇನ್ನೊಬ್ಬರ ಸಾಫ್ಟ್‌ವೇರ್ ಆವೃತ್ತಿಯೇ ಬೇರೆ ಇರುತ್ತದೆ.

ಡಿಐನವರೇ ಒಂದು ಸಲ ಬಿಡಿಸಿ ಇಎಕ್ಸ್‌ಆರ್ ಫ್ರೇಮ್‌ಗಳಾಗಿ ಕೊಡಲಿ. ಆಗ ನಿಮ್ಮ ಶಾಟ್‌ಗೂ, ಅವರ ಟೈಮ್‌ಲೈನ್‌ನಲ್ಲಿರುವ ಪಕ್ಕದ ಶಾಟ್‌ಗೂ ಮೂಲ ಒಂದೇ. ನೀವೇ ಬಿಡಿಸಬೇಕಾಗಿ ಬಂದರೆ ಡಾವಿಂಚಿ ರಿಸಾಲ್ವ್ ಅಥವಾ ಕ್ಯಾಮೆರಾ ಕಂಪನಿಯದೇ ಟೂಲ್ ಬಳಸಿ. ಪೂರ್ತಿ ರೆಸಲ್ಯೂಷನ್ ಡಿಬೇಯರ್ ಇರಲಿ. ಶಾರ್ಪ್‌ನಿಂಗ್ ಮತ್ತು ನಾಯ್ಸ್ ರಿಡಕ್ಷನ್ ಎರಡೂ ಸೊನ್ನೆ ಇರಲಿ. ವೈಟ್ ಬ್ಯಾಲೆನ್ಸ್ ಮತ್ತು ಐಎಸ್‌ಓ ಡಿಐ ಹೇಳಿದ್ದು, ಅವರು ಏನೂ ಹೇಳದಿದ್ದರೆ ಕ್ಯಾಮೆರಾ ಮೆಟಾಡೇಟಾದಲ್ಲಿ ಇದ್ದದ್ದು. ಚೆನ್ನಾಗಿ ಕಾಣಲಿ ಅಂತ ಇಲ್ಲಿ ಕೈ ಹಾಕಬೇಡಿ. ಐಎಸ್‌ಓ 800ರಿಂದ 1600ಕ್ಕೆ ಬದಲಾದರೆ ಲೀನಿಯರ್‌ನಲ್ಲಿ (ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದುವ ಸಂಖ್ಯೆಗಳಲ್ಲಿ) ಎರಡು ಪಟ್ಟು ಅಷ್ಟೇ, ಆಮೇಲೆ ಸರಿಮಾಡಬಹುದು. ಕೆಲ್ವಿನ್ ಬದಲಾದರೆ ಮೂರು ಚಾನೆಲ್‌ಗಳ ಅನುಪಾತವೇ ಬದಲಾಗುತ್ತದೆ. ಅದನ್ನು ಕಣ್ಣಳತೆಯಲ್ಲಿ ವಾಪಸ್ ತರುವುದು ಕಷ್ಟ.

ಫೈಲ್ 16 ಬಿಟ್ ಹಾಫ್ ಫ್ಲೋಟ್ ಇಎಕ್ಸ್‌ಆರ್ ಆಗಿರಲಿ. ಈ ಫಾರ್ಮ್ಯಾಟನ್ನು ಕಟ್ಟಿದ್ದು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್, ಎಲ್ಲರಿಗೂ ಬಿಟ್ಟುಕೊಟ್ಟಿದ್ದು 2003ರಲ್ಲಿ. ಇದರಲ್ಲಿ 65504ರವರೆಗಿನ ಬೆಲೆ ಹಿಡಿಸುತ್ತದೆ, ನೆಗೆಟಿವ್ ಕೂಡ ಉಳಿಯುತ್ತದೆ. ಕಂಪ್ರೆಷನ್ ಜಿಪ್ ಅಥವಾ ಪಿಜ್ ಇದ್ದರೆ ಏನೂ ಕಳೆಯುವುದಿಲ್ಲ. ನ್ಯೂಕ್ ಸಾಲುಸಾಲಾಗಿ ಓದುವುದರಿಂದ ಒಂದು ಸಾಲಿನ ಜಿಪ್ ಅದಕ್ಕೆ ಹಗುರ. ಡಿಡಬ್ಲ್ಯುಎಎ ಥರದ ನಷ್ಟದ ಕಂಪ್ರೆಷನ್ ಪ್ಲೇಟ್‌ಗೆ ಬೇಡ.

ಹೆಜ್ಜೆ 3: ಪ್ರಾಜೆಕ್ಟ್ ಸೆಟ್ಟಿಂಗ್

ಫುಟೇಜ್ ಎಳೆದು ಹಾಕುವ ಮೊದಲೇ ಇದನ್ನು ಮುಗಿಸಿ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಕಲರ್ ಟ್ಯಾಬ್‌ಗೆ ಹೋಗಿ ಕಲರ್ ಮ್ಯಾನೇಜ್‌ಮೆಂಟ್ ಓಸಿಐಓ ಆಗಿಸಿ. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ 2010ರಲ್ಲಿ ಮುಕ್ತಗೊಳಿಸಿದ ಈ ವ್ಯವಸ್ಥೆಯನ್ನು ಈಗ ಹೆಚ್ಚುಕಮ್ಮಿ ಎಲ್ಲ ಸಾಫ್ಟ್‌ವೇರ್‌ಗಳೂ ಓದುತ್ತವೆ. ಒಂದೇ ಕಾನ್ಫಿಗ್ ಫೈಲ್ ಕೊಟ್ಟರೆ ನ್ಯೂಕ್, ಮಾಯಾ, ಬ್ಲೆಂಡರ್ ಎಲ್ಲ ಒಂದೇ ಲೆಕ್ಕ ಹಾಕುತ್ತವೆ.

ಏಸಸ್ (ಸಿನಿಮಾ ಉದ್ಯಮದ ಸಾಮಾನ್ಯ ಬಣ್ಣ ಪದ್ಧತಿ) ಕಾನ್ಫಿಗ್‌ನಲ್ಲಿ ಸಿಜಿ ಮತ್ತು ಸ್ಟುಡಿಯೋ ಅಂತ ಎರಡು ಬಗೆ ಇವೆ. ಕ್ಯಾಮೆರಾಗಳ ಲಾಗ್ ಸ್ಪೇಸ್‌ಗಳು ಸ್ಟುಡಿಯೋ ಕಾನ್ಫಿಗ್‌ನಲ್ಲಿರುತ್ತವೆ. ಆದ್ದರಿಂದ ಪ್ಲೇಟ್ ಕೆಲಸಕ್ಕೆ ಅದನ್ನೇ ಆರಿಸಿ. ವರ್ಕಿಂಗ್ ಸ್ಪೇಸ್ ಏಸಸ್‌ಸಿಜಿ ಇರಲಿ. ಅದು ಲೀನಿಯರ್. ಬೆಳಕು ಎರಡು ಪಟ್ಟಾದರೆ ಸಂಖ್ಯೆಯೂ ಎರಡು ಪಟ್ಟಾಗುತ್ತದೆ. ಬ್ಲರ್, ಡಿಫೋಕಸ್, ಮೋಷನ್ ಬ್ಲರ್, ಪ್ಲಸ್ ಮರ್ಜ್ ನಿಜವಾದ ಬೆಳಕಿನ ಹಾಗೆ ನಡೆದುಕೊಳ್ಳುವುದು ಲೀನಿಯರ್‌ನಲ್ಲೇ. ಕಾನ್ಫಿಗ್‌ನ ಆವೃತ್ತಿ ಯಾವುದು ಅಂತ ಡಿಐಗೂ, ಸಿಜಿ ಟೀಮ್‌ಗೂ ತಿಳಿಸಿ. ಏಸಸ್ 1.3ರಲ್ಲಿ ನೋಡಿದ ಚಿತ್ರ ಏಸಸ್ 2ರಲ್ಲಿ ಹಾಗೆಯೇ ಕಾಣುವುದಿಲ್ಲ. ಚಿತ್ರವನ್ನು ಪರದೆಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮ್ ಬದಲಾಗಿದೆ.

ಹೆಜ್ಜೆ 4: ರೀಡ್ ನೋಡ್‌ಗೆ ಸತ್ಯ ಹೇಳಿ

ಫುಟೇಜ್ ತೆರೆಯುವ ರೀಡ್ ನೋಡ್‌ನಲ್ಲಿ ಇನ್‌ಪುಟ್ ಟ್ರಾನ್ಸ್‌ಫಾರ್ಮ್ ಅಂತ ಒಂದು ಆಯ್ಕೆ ಇದೆ. ಹಳೆಯ ಆವೃತ್ತಿಗಳಲ್ಲಿ ಅದಕ್ಕೆ ಕಲರ್‌ಸ್ಪೇಸ್ ಅಂತ ಹೆಸರು. ಅಲ್ಲಿ ಡೀಫಾಲ್ಟ್ ಅಂತ ಕಂಡರೆ ಸಾಫ್ಟ್‌ವೇರ್ ಊಹೆ ಮಾಡಿದೆ ಅಂತಲೇ ಅರ್ಥ. ಅದನ್ನು ಹಾಗೇ ಬಿಡಬೇಡಿ, ಸರಿಯಿದ್ದರೂ ಕೈಯಾರೆ ಆರಿಸಿ. ಸ್ಕ್ರಿಪ್ಟ್ ಇನ್ನೊಬ್ಬರ ಕೈಗೆ ಹೋದಾಗ ಅವರ ಡೀಫಾಲ್ಟ್ ಬೇರೆ ಇರಬಹುದು ಅಲ್ವಾ?

ಆ್ಯರಿಯ ಹಳೆಯ ಅಲೆಕ್ಸಾಗಳು ಲಾಗ್‌ಸಿ 3. 2022ರಲ್ಲಿ ಬಂದ ಅಲೆಕ್ಸಾ 35 ಲಾಗ್‌ಸಿ 4. ಹೆಸರು ಹತ್ತಿರ ಇರುವುದರಿಂದ ಜನ ಇಲ್ಲೇ ಎಡವುತ್ತಾರೆ. ಲಾಗ್‌ಸಿ 3ರಲ್ಲಿ ಕರ್ವ್ ಐಎಸ್‌ಓ ಜೊತೆ ಬದಲಾಗುತ್ತದೆ, ಪಟ್ಟಿಯಲ್ಲಿ ಇಐ 800 (ಇಐ ಅಂದರೆ ಆ್ಯರಿಯ ಐಎಸ್‌ಓ) ಅಂತ ಕಾಣುವುದು ಅದಕ್ಕೇ. ಲಾಗ್‌ಸಿ 4ರಲ್ಲಿ ಆ ತಾಪತ್ರಯ ಇಲ್ಲ, ಎಲ್ಲದಕ್ಕೂ ಒಂದೇ ಕರ್ವ್. ರೆಡ್‌ಗೆ ಲಾಗ್3ಜಿ10 ಮತ್ತು ರೆಡ್‌ವೈಡ್‌ಗ್ಯಾಮಟ್‌ಆರ್‌ಜಿಬಿ ಜೋಡಿ. ಸೋನಿಗೆ ಎಸ್-ಲಾಗ್ 3. ಅದರಲ್ಲಿ ಎಸ್-ಗ್ಯಾಮಟ್ 3 ಬೇರೆ, ಎಸ್-ಗ್ಯಾಮಟ್ 3 ಸಿನಿ ಬೇರೆ. ಕರ್ವ್ ಒಂದೇ ಆದರೂ ಗ್ಯಾಮಟ್ ಎರಡು.

ಮ್ಯಾಟ್, ಐಡಿ, ಡೆಪ್ತ್, ನಾರ್ಮಲ್, ಎಸ್‌ಟಿ ಮ್ಯಾಪ್ ಇವು ಬಣ್ಣಗಳೇ ಅಲ್ಲ. ಇವಕ್ಕೆ ರಾ ಡೇಟಾ ಟಿಕ್ ಮಾಡಿ.

ಹೆಜ್ಜೆ 5: ಗ್ರೇ ಕಾರ್ಡ್ ಮೇಲೆ ಅಳತೆ

ಕಣ್ಣಿಗೆ ಸರಿ ಕಂಡಿತು ಅಂತ ಮುಂದೆ ಹೋಗಬೇಡಿ. ಕಣ್ಣು ತಕ್ಷಣ ಹೊಂದಿಕೊಂಡುಬಿಡುತ್ತದೆ. ವ್ಯೂವರ್‌ನ ಗೇನ್ ಮತ್ತು ಗಾಮಾ ಎರಡೂ 1 ಇವೆಯಾ ನೋಡಿ. ಆಮೇಲೆ ಚಾರ್ಟ್ ಇರುವ ಫ್ರೇಮ್‌ಗೆ ಹೋಗಿ ಗ್ರೇ ಪ್ಯಾಚ್ ಮೇಲೆ ಒಂದು ಚೌಕ ಎಳೆದು, ವ್ಯೂವರ್ ಕೆಳಗಿನ ಸಂಖ್ಯೆಗಳನ್ನು ಓದಿ.

ಶೇಕಡಾ 18ರ ಗ್ರೇ ಕಾರ್ಡ್ ಸರಿಯಾಗಿ ಎಕ್ಸ್‌ಪೋಸ್ ಆಗಿದ್ದರೆ ಲೀನಿಯರ್‌ನಲ್ಲಿ 0.18 ಬರಬೇಕು. ಲಾಗ್ ಫೈಲ್‌ನೊಳಗೆ ಅದೇ ಗ್ರೇ ಎಲ್ಲಿ ಕೂತಿರುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು. ಲಾಗ್‌ಸಿ 3 ಇಐ 800ರಲ್ಲಿ 0.391, ಎಸ್-ಲಾಗ್ 3ರಲ್ಲಿ 0.411, ಲಾಗ್3ಜಿ10ರಲ್ಲಿ 0.333, ಲಾಗ್‌ಸಿ 4ರಲ್ಲಿ 0.278. ರಾ ಡೇಟಾ ಟಿಕ್ ಮಾಡಿ ಓದಿದರೆ ಈ ಸಂಖ್ಯೆಗಳ ಹತ್ತಿರ ಬರಬೇಕು. ಯಾವ ಲಾಗ್ ಅಂತ ಯಾರೂ ಹೇಳದಿದ್ದಾಗ ಇದು ಒಳ್ಳೆಯ ಸುಳಿವು.

ತಪ್ಪು ಓದಿದರೆ ಏನಾಗುತ್ತದೆ? ಲಾಗ್‌ಸಿ 4ರ ಪ್ಲೇಟನ್ನು ಲಾಗ್‌ಸಿ 3 ಅಂತ ಓದಿಸಿದರೆ 0.18 ಬರಬೇಕಾದ ಕಡೆ 0.057 ಬರುತ್ತದೆ. ಒಂದೂವರೆ ಸ್ಟಾಪ್‌ಗಿಂತ ಜಾಸ್ತಿ ಕತ್ತಲು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಇದು ಎದ್ದು ಕಾಣುತ್ತದೆ, ಹಾಗಾಗಿ ಅಪಾಯ ಕಮ್ಮಿ. ಲಾಗ್‌ಸಿ 3 ಅನ್ನು ಎಸ್‌ಆರ್‌ಜಿಬಿ ಅಂತ ಓದಿಸಿದರೆ ಗ್ರೇ 0.127. ಅರ್ಧ ಸ್ಟಾಪ್ ಕಮ್ಮಿ ಅಷ್ಟೇ. ಮಂಕಾಗಿದೆ, ಗ್ರೇಡ್ ಮಾಡಿದರಾಯ್ತು ಅನ್ನಿಸುತ್ತದೆ. ಆದರೆ 55ರವರೆಗೆ ಹೋಗಬೇಕಿದ್ದ ಹೈಲೈಟ್ 1ಕ್ಕೇ ನಿಂತಿರುತ್ತದೆ. ಕಾರಿನ ಹೆಡ್‌ಲೈಟ್ ಡಿಫೋಕಸ್ ಮಾಡಿ ನೋಡಿ, ಹೊಳೆಯುವ ಬದಲು ಬೂದು ಬಿಲ್ಲೆ ಆಗುತ್ತದೆ.

ಕ್ಯಾಮೆರಾಮನ್ ಬೇಕೆಂದೇ ಅರ್ಧ ಸ್ಟಾಪ್ ಮೇಲೆ ಎಕ್ಸ್‌ಪೋಸ್ ಮಾಡಿರಬಹುದು. ಆಗ 0.18 ಬರದಿದ್ದರೂ ತಪ್ಪಲ್ಲ. ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಪರೀಕ್ಷೆ ಇದೆ. 24 ಪ್ಯಾಚ್‌ನ ಕಲರ್‌ಚೆಕರ್‌ನ ಕೆಳಸಾಲಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಆರು ಪ್ಯಾಚ್‌ಗಳಿವೆ. ಅವು ವಾಪಸ್ ಕೊಡುವ ಬೆಳಕು ಸುಮಾರು ಶೇಕಡಾ 90, 59, 36, 20, 9, 3. ಮೂರನೆಯದನ್ನು ಐದನೆಯದರಿಂದ ಭಾಗಿಸಿ. ಸುಮಾರು 4 ಬರಬೇಕು. ಎಕ್ಸ್‌ಪೋಷರ್ ಎಷ್ಟಿದ್ದರೂ ಈ ಅನುಪಾತ ಬದಲಾಗುವುದಿಲ್ಲ, ಚಾರ್ಟ್ ಮೇಲೆ ಬೆಳಕು ಸಮನಾಗಿ ಬಿದ್ದಿದ್ದರೆ ಸಾಕು. ಮೇಲೆ ಹೇಳಿದ ಎಸ್‌ಆರ್‌ಜಿಬಿ ತಪ್ಪಿನಲ್ಲಿ ಇದು 2.15ಕ್ಕೆ ಇಳಿಯುತ್ತದೆ. ಕಪ್ಪು ಪ್ಯಾಚನ್ನು ನಂಬಬೇಡಿ, ಲೆನ್ಸ್ ಫ್ಲೇರ್ ಅದನ್ನು ಮೇಲೆತ್ತಿರುತ್ತದೆ.

ಲಾಗ್‌ಸಿ 3 ಮತ್ತು ಎಸ್-ಲಾಗ್ 3 ಅದಲುಬದಲಾದರೆ ಮಾತ್ರ ಈ ಪರೀಕ್ಷೆಯೂ ಕೈಕೊಡುತ್ತದೆ. ಎರಡೂ ಕರ್ವ್‌ಗಳು ನಡುಭಾಗದಲ್ಲಿ ಅಷ್ಟು ಹತ್ತಿರ. ಅನುಪಾತ 3.9 ಬರುತ್ತದೆ, ಗ್ರೇ 0.15 ಬರುತ್ತದೆ, ಎಲ್ಲ ಸರಿ ಅನ್ನಿಸುತ್ತದೆ. ವ್ಯತ್ಯಾಸ ತುದಿಯಲ್ಲಿರುತ್ತದೆ: 55 ಇರಬೇಕಾದ ಹೈಲೈಟ್ 38 ಆಗಿರುತ್ತದೆ. ಇಲ್ಲಿ ಕ್ಯಾಮೆರಾ ರಿಪೋರ್ಟ್ ಮತ್ತು ಮೆಟಾಡೇಟಾ ಬಿಟ್ಟರೆ ಬೇರೆ ಗತಿಯಿಲ್ಲ.

ಹೆಜ್ಜೆ 6: ಗ್ರೇ ಕಾರ್ಡ್ ಹಿಡಿಯದ ತಪ್ಪು

ಗ್ಯಾಮಟ್ ತಪ್ಪಾದರೆ ಗ್ರೇ ಗ್ರೇ ಆಗಿಯೇ ಉಳಿಯುತ್ತದೆ. ಒಂದು ಗ್ಯಾಮಟ್‌ನಿಂದ ಇನ್ನೊಂದಕ್ಕೆ ಹೋಗುವ ಮ್ಯಾಟ್ರಿಕ್ಸ್ ಮೂರೂ ಚಾನೆಲ್ ಸಮ ಇರುವ ಬಣ್ಣವನ್ನು ಮುಟ್ಟುವುದಿಲ್ಲ. ಹಾಗಾಗಿ ಗ್ರೇ ಕಾರ್ಡ್ ಪಾಸ್ ಆಯಿತು ಅಂತ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ.

ಸಾಮಾನ್ಯವಾಗಿ ಆಗುವುದು ಹೀಗೆ. ಡಿಐನವರು ಪ್ಲೇಟನ್ನು ಏಸಸ್ 2065-1ರಲ್ಲಿ ಕೊಡುತ್ತಾರೆ. ಅದು ಏಸಸ್‌ನ ವಿನಿಮಯ ಸ್ಪೇಸ್, ಅದರ ಗ್ಯಾಮಟ್ ಏಪಿ0. ಫೈಲ್ ಇಎಕ್ಸ್‌ಆರ್ ಆದ್ದರಿಂದ ನ್ಯೂಕ್ ಅದನ್ನು ವರ್ಕಿಂಗ್ ಸ್ಪೇಸ್‌ನ ಲೀನಿಯರ್, ಅಂದರೆ ಏಸಸ್‌ಸಿಜಿ ಅಂತ ಊಹಿಸುತ್ತದೆ. ಅದರ ಗ್ಯಾಮಟ್ ಏಪಿ1. ಎರಡೂ ಲೀನಿಯರ್, ಎರಡೂ ಏಸಸ್, ಗ್ರೇ 0.18 ಕರೆಕ್ಟಾಗಿ ಬರುತ್ತದೆ. ಈಗ ಫ್ರೇಮ್‌ನಲ್ಲಿ ಕೆಂಪು ರೇಷ್ಮೆ ಸೀರೆ ಇದೆ ಅನ್ನಿ. ಏಸಸ್‌ಸಿಜಿಯಲ್ಲಿ ಅದರ ಬೆಲೆ 0.30, 0.05, 0.05 ಇರಬೇಕು. ಅದೇ ಬಣ್ಣ ಏಪಿ0ಯಲ್ಲಿ 0.224, 0.061, 0.049. ಪರಿವರ್ತನೆ ಮಾಡದೆ ಓದಿದರೆ ಈ ಸಂಖ್ಯೆಗಳೇ ಏಸಸ್‌ಸಿಜಿ ಆಗಿ ಕಾಣುತ್ತವೆ. ಕೆಂಪು ಇಳಿಯಿತು, ಹಸಿರು ಏರಿತು. ಸೀರೆ ಸ್ವಲ್ಪ ಮಾಸಿ, ಸ್ವಲ್ಪ ಕೇಸರಿ ಕಡೆ ವಾಲಿತು. ಅದನ್ನು ಉಟ್ಟವರ ಮುಖವೂ ಕಳೆಗುಂದಿತು. ಇದು ಪ್ಲೇಟೇ ಹೀಗಿದೆ ಅಂತ ನಂಬಿ ಎಷ್ಟೋ ಜನ ಸ್ಯಾಚುರೇಷನ್ ಏರಿಸಿ ಕೆಲಸ ಮುಂದುವರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಏರಿಸಿದ ಸ್ಯಾಚುರೇಷನ್ ಎಲ್ಲ ಬಣ್ಣಕ್ಕೂ ಒಂದೇ ಅಳತೆಯಲ್ಲಿ ಬೀಳುತ್ತದೆ, ಗ್ಯಾಮಟ್ ತಪ್ಪು ಒಂದೊಂದು ಬಣ್ಣಕ್ಕೆ ಒಂದೊಂದು ಥರ ಇರುತ್ತದೆ.

ಪರೀಕ್ಷೆ ಸುಲಭ. ಡಿಐನಿಂದ ಅದೇ ಫ್ರೇಮ್‌ನ ಒಂದು ರೆಫರೆನ್ಸ್ ಚಿತ್ರ ತರಿಸಿಕೊಳ್ಳಿ. ಗ್ರೇಡ್ ಇಲ್ಲದ, ಬರೀ ಏಸಸ್ ಔಟ್‌ಪುಟ್ ಟ್ರಾನ್ಸ್‌ಫಾರ್ಮ್ ಹಾಕಿದ ಚಿತ್ರ ಆಗಿರಲಿ. ಅದನ್ನು ರಾ ಡೇಟಾ ಆಗಿ ಓದಿಸಿ. ನಿಮ್ಮ ಪ್ಲೇಟ್‌ಗೆ ಓಸಿಐಓ ಡಿಸ್‌ಪ್ಲೇ ನೋಡ್‌ನಲ್ಲಿ ಅದೇ ಟ್ರಾನ್ಸ್‌ಫಾರ್ಮ್ ಹಾಕಿ. ಎರಡನ್ನೂ ನೋಡುವಾಗ ವ್ಯೂವರ್ ಪ್ರೋಸೆಸ್ ರಾ ಇರಲಿ. ಚಾರ್ಟ್‌ನ ಕೆಂಪು, ಹಸಿರು, ನೀಲಿ ಪ್ಯಾಚ್‌ಗಳ ಸಂಖ್ಯೆ ಎರಡೂ ಕಡೆ ಒಂದೇ ಬರಬೇಕು.

ಹೆಜ್ಜೆ 7: ಪ್ರೋರೆಸ್ ಬಂದರೆ ರೇಂಜ್ ನೋಡಿ

ಎಲ್ಲ ಸಲವೂ ಇಎಕ್ಸ್‌ಆರ್ ಬರುವುದಿಲ್ಲ. ಲಾಗ್‌ನಲ್ಲಿರುವ ಪ್ರೋರೆಸ್ ವಿಡಿಯೋ ಫೈಲ್ ಬಂದರೆ ಅದರಲ್ಲಿ ಸಂಖ್ಯೆಗಳು ಸಾಮಾನ್ಯವಾಗಿ ವಿಡಿಯೋ ರೇಂಜ್‌ನಲ್ಲಿರುತ್ತವೆ. 10 ಬಿಟ್‌ನಲ್ಲಿ 64ರಿಂದ 940. ಅದನ್ನು 0ಯಿಂದ 1023 ಅಂತ ಓದಿದರೆ ಲಾಗ್‌ಸಿ 3ರ ಗ್ರೇ 0.18ರ ಬದಲು 0.19 ಬರುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಸೊನ್ನೆ ಇರಬೇಕಾದ ಕಪ್ಪು 0.009ಕ್ಕೆ ಏರಿರುತ್ತದೆ, 55ರ ಹೈಲೈಟ್ 26ಕ್ಕೆ ಇಳಿದಿರುತ್ತದೆ. ಮೇಲಿನ ಪ್ಯಾಚ್ ಅನುಪಾತ 4ರ ಬದಲು 3.3ರ ಹತ್ತಿರ ಬಂದರೆ ಮೊದಲು ರೇಂಜನ್ನೇ ಅನುಮಾನಿಸಿ.

ಹೆಜ್ಜೆ 8: ನೆಗೆಟಿವ್ ಸಂಖ್ಯೆ ಕಂಡರೆ ಗಾಬರಿ ಬೇಡ

ನೀಲಿ ಎಲ್‌ಇಡಿ, ಪೊಲೀಸ್ ಜೀಪಿನ ಲೈಟು, ಮದುವೆ ಮನೆಯ ಸೀರಿಯಲ್ ಸೆಟ್ಟು. ಇಂಥ ಗಾಢ ಬೆಳಕುಗಳು ಏಸಸ್‌ಸಿಜಿಗೆ ಬಂದಾಗ ಒಂದೆರಡು ಚಾನೆಲ್ ಸೊನ್ನೆಗಿಂತ ಕೆಳಗೆ ಹೋಗುತ್ತವೆ. ಪ್ಲೇಟ್ ಶುರುವಿನಲ್ಲೇ ಕ್ಲ್ಯಾಂಪ್ ಹಾಕಿ ಅವನ್ನು ಸೊನ್ನೆಗೆ ಕತ್ತರಿಸಿದರೆ ಆ ಮಾಹಿತಿ ಹೋದಂತೆಯೇ. ಡಿಐನವರು ಎಷ್ಟು ಪ್ರಯತ್ನಪಟ್ಟರೂ ಮತ್ತೆ ಬರುವುದಿಲ್ಲ. ಏಸಸ್ 1.3ರಲ್ಲಿ ಇದಕ್ಕೆಂದೇ ರೆಫರೆನ್ಸ್ ಗ್ಯಾಮಟ್ ಕಂಪ್ರೆಷನ್ ಇದೆ. ನ್ಯೂಕ್‌ನಲ್ಲಿ ಓಸಿಐಓ ಲುಕ್ ಟ್ರಾನ್ಸ್‌ಫಾರ್ಮ್ ನೋಡ್‌ನಿಂದ ಹಾಕಬಹುದು. ಪ್ಲೇಟ್ ಕೊಡುವಾಗಲೇ ಅವರು ಹಾಕುತ್ತಾರಾ, ನೀವು ಹಾಕಬೇಕಾ, ಕೊನೆಗೆ ಡಿಐನಲ್ಲಿ ಹಾಕುತ್ತಾರಾ ಅಂತ ಮೊದಲೇ ಮಾತಾಡಿಕೊಳ್ಳಿ. ಎರಡು ಕಡೆ ಹಾಕಿದರೆ ಬಣ್ಣ ಎರಡು ಸಲ ಹಿಂಡಿದ ಹಾಗಾಗುತ್ತದೆ.

ಲ್ಯಾಂಚೋಸ್ ಥರದ ಚೂಪಾದ ಫಿಲ್ಟರ್‌ನಲ್ಲಿ ಪ್ಲೇಟನ್ನು ರೀಸೈಜ್ ಮಾಡಿದರೂ ಜೋರು ಹೈಲೈಟ್ ಸುತ್ತ ನೆಗೆಟಿವ್ ಉಂಗುರ ಬರುತ್ತದೆ. ಆ ಒಂದು ಕೆಲಸಕ್ಕೆ ಲಾಗ್‌ಗೆ ಹೋಗಿ, ಮುಗಿಸಿ, ತಕ್ಷಣ ಲೀನಿಯರ್‌ಗೆ ಬನ್ನಿ.

ಹೆಜ್ಜೆ 9: ಲುಕ್ ವ್ಯೂವರ್‌ನಲ್ಲೇ ಇರಲಿ

ಡಿಐ ಕೊಟ್ಟ ಸಿಡಿಎಲ್, ಲಟ್ ಎರಡೂ ನೋಡುವುದಕ್ಕೆ ಮಾತ್ರ. ಅವನ್ನು ವ್ಯೂವರ್‌ನ ಇನ್‌ಪುಟ್ ಪ್ರೋಸೆಸ್‌ನಲ್ಲಿ ಹಾಕಿ, ಮುಖ್ಯ ಗ್ರಾಫ್‌ನಲ್ಲಿ ಬೇಡ. ಸಿಡಿಎಲ್ ಸಂಖ್ಯೆಗಳು ಯಾವ ಸ್ಪೇಸ್‌ನಲ್ಲಿ ಬರೆದವು ಅಂತ ಕೇಳಿ. ಏಸಸ್‌ನ ಲಾಗ್ ಸ್ಪೇಸ್ ಆದ ಏಸಸ್‌ಸಿಸಿಟಿಯಲ್ಲಿ ಬರೆದ ಸಿಡಿಎಲ್ ಅನ್ನು ಲೀನಿಯರ್ ಮೇಲೆ ಹಾಕಿದರೆ ಚಿತ್ರ ಬೇರೆಯೇ ಆಗುತ್ತದೆ. ಓಸಿಐಓ ಸಿಡಿಎಲ್ ನೋಡ್‌ನಲ್ಲಿ ಸ್ಪೇಸ್ ಆರಿಸುವ ಜಾಗ ಇದೆ. ಮಾನಿಟರ್ ಎಸ್‌ಆರ್‌ಜಿಬಿಗೆ ಹೊಂದಿಸಿದ್ದಾ, ರೆಕ್ 709 ಗಾಮಾ 2.4ಗಾ ನೋಡಿಕೊಂಡು ವ್ಯೂವರ್ ಪ್ರೋಸೆಸ್ ಅದಕ್ಕೇ ಇಡಿ.

ಹೊರಗಿನಿಂದ ತಂದ ಜೆಪೆಗ್ ಆಕಾಶ, ಟೆಕ್ಸ್‌ಚರ್‌ಗಳಿಗೆ ಎಸ್‌ಆರ್‌ಜಿಬಿ ಟೆಕ್ಸ್‌ಚರ್ ಅಂತ ಆರಿಸಿ. ಅವುಗಳ ಬಿಳಿ 1ಕ್ಕೇ ನಿಲ್ಲುತ್ತದೆ. ಹಾಗಾಗಿ ಪ್ಲೇಟ್‌ನ ಆಕಾಶ 6 ಅಥವಾ 8 ಇದ್ದರೆ ಅದಕ್ಕೆ ತಕ್ಕಂತೆ ಎಕ್ಸ್‌ಪೋಷರ್ ಏರಿಸಬೇಕು. ಬ್ರ್ಯಾಂಡ್ ಲೋಗೋ ಇದ್ದ ಹಾಗೇ ಕಾಣಬೇಕು ಅಂದರೆ ಮಾತ್ರ ಔಟ್‌ಪುಟ್ ಟ್ರಾನ್ಸ್‌ಫಾರ್ಮನ್ನು ಉಲ್ಟಾ ಹಾಕಿ ತನ್ನಿ.

ಬೇರೆ ಸಾಫ್ಟ್‌ವೇರ್‌ಗಳಲ್ಲಿ

ಆಫ್ಟರ್ ಎಫೆಕ್ಟ್ಸ್‌ನ ಹೊಸ ಪ್ರಾಜೆಕ್ಟ್ 8 ಬಿಟ್‌ನಲ್ಲಿ ಶುರುವಾಗುತ್ತದೆ. ಮೊದಲು 32 ಬಿಟ್ ಮಾಡಿ, ಕಲರ್ ಎಂಜಿನ್ ಓಸಿಐಓ ಆಗಿಸಿ, ಆಮೇಲೆ ಪ್ರತಿ ಕ್ಲಿಪ್‌ಗೂ ಇಂಟರ್‌ಪ್ರಿಟ್ ಫುಟೇಜ್‌ನಲ್ಲಿ ಸ್ಪೇಸ್ ಹೇಳಿ. 32 ಬಿಟ್‌ನಲ್ಲಿ ಕೆಲಸ ಮಾಡದ ಎಫೆಕ್ಟ್‌ಗಳ ಮುಂದೆ ಎಚ್ಚರಿಕೆ ಗುರುತು ಬರುತ್ತದೆ, ಅವನ್ನು ಪ್ಲೇಟ್ ಮೇಲೆ ಹಾಕಬೇಡಿ. ಫ್ಯೂಷನ್‌ನಲ್ಲಿ ಲೋಡರ್ ಆದ ಕೂಡಲೇ ಓಸಿಐಓ ಕಲರ್ ಸ್ಪೇಸ್ ನೋಡ್ ಹಾಕಿ. ರಿಸಾಲ್ವ್ ಒಳಗಿನ ಫ್ಯೂಷನ್ ಪೇಜ್ ಆದರೆ ಪ್ರಾಜೆಕ್ಟ್‌ನ ಕಲರ್ ಮ್ಯಾನೇಜ್‌ಮೆಂಟ್ ಈಗಾಗಲೇ ಪರಿವರ್ತನೆ ಮಾಡಿದೆಯಾ ನೋಡಿ, ನೋಡದೆ ನೋಡ್ ಹಾಕಿದರೆ ಪರಿವರ್ತನೆ ಎರಡು ಸಲ ಆಗುತ್ತದೆ. ಗ್ರೇ ಮತ್ತು ಅನುಪಾತದ ಪರೀಕ್ಷೆ ಎಲ್ಲ ಕಡೆ ಒಂದೇ.

ಹೆಜ್ಜೆ 10: ಕಂಪ್ ಶುರು ಮಾಡುವ ಮೊದಲೇ ವಾಪಸ್ ದಾರಿ ನೋಡಿ

ರೀಡ್ ನೋಡ್‌ನಿಂದ ನೇರ ರೈಟ್ ನೋಡ್‌ಗೆ ಎಳೆಯಿರಿ. ಮಧ್ಯೆ ಏನೂ ಬೇಡ. ರೈಟ್ ನೋಡ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮ್ ಆಯ್ಕೆಯನ್ನು ಪ್ಲೇಟ್ ಬಂದ ಸ್ಪೇಸ್‌ಗೇ ಇಡಿ, 16 ಬಿಟ್ ಹಾಫ್ ಇಎಕ್ಸ್‌ಆರ್ ಬರೆಯಿರಿ. ಬರೆದದ್ದನ್ನೂ ಮೂಲವನ್ನೂ ರಾ ಡೇಟಾ ಟಿಕ್ ಮಾಡಿ ಓದಿಸಿ, ಮರ್ಜ್‌ನಲ್ಲಿ ಡಿಫರೆನ್ಸ್ ಹಾಕಿ. ಫಲಿತಾಂಶವನ್ನು 1000ದಿಂದ ಗುಣಿಸಿ ನೋಡಿ. ಸ್ಪೇಸ್ ಬದಲಾಗಿ ವಾಪಸ್ ಬಂದಿರುವುದರಿಂದ ಹಾಫ್ ಫ್ಲೋಟ್‌ನ ಕೊನೆಯ ಅಂಕಿಯಷ್ಟು ಧೂಳು ಕಾಣಬಹುದು, ಅಂದರೆ ಮೂಲ ಬೆಲೆಯ ಸಾವಿರದಲ್ಲಿ ಒಂದು ಪಾಲಿನಷ್ಟು. ಅದು ಪರವಾಗಿಲ್ಲ. ನಟರ ಮುಖದ ಆಕಾರವೋ ಸೀರೆಯ ಅಂಚೋ ಎದ್ದು ಕಂಡರೆ ಎಲ್ಲೋ ಟ್ರಾನ್ಸ್‌ಫಾರ್ಮ್ ತಪ್ಪಿದೆ, ಅಥವಾ ಎಲ್ಲೋ ಕ್ಲ್ಯಾಂಪ್ ಇದೆ.

ಈ ಖಾಲಿ ರೆಂಡರ್‌ನ ಐದಾರು ಫ್ರೇಮ್‌ಗಳನ್ನು ಡಿಐಗೆ ಕಳಿಸಿ, ಅವರ ಟೈಮ್‌ಲೈನ್‌ನಲ್ಲಿ ಮೂಲ ರಾ ಮೇಲೆ ಕೂರಿಸಿ ನೋಡಲು ಹೇಳಿ. ಅವರ ಗ್ರೇಡ್ ಆನ್ ಇದ್ದಾಗಲೂ ಎರಡರ ಮಧ್ಯೆ ವ್ಯತ್ಯಾಸ ಕಾಣಬಾರದು. ಅವರಿಂದ ಸರಿ ಅಂತ ಬರಹದಲ್ಲಿ ಬಂದ ಮೇಲೆ ಆ ರೀಡ್, ರೈಟ್ ಸೆಟ್ಟಿಂಗ್‌ಗಳನ್ನು ಟೆಂಪ್ಲೇಟ್ ಆಗಿ ಉಳಿಸಿ, ಆ ಕ್ಯಾಮೆರಾದ ಎಲ್ಲ ಶಾಟ್‌ಗಳಿಗೂ ಅದನ್ನೇ ಕೊಡಿ. ಎರಡನೇ ಕ್ಯಾಮೆರಾ, ಡ್ರೋನ್ ಶಾಟ್ ಬಂದರೆ ಅದಕ್ಕೆ ಬೇರೆ ಟೆಂಪ್ಲೇಟ್, ಬೇರೆ ಪರೀಕ್ಷೆ.